ದೇಶಕ್ಕೆ ಹಾನಿ, ಸರ್ಕಾರಕ್ಕೆ ಮುಜುಗರ: ಗೋಪ್ಯತೆಯ ಎರಡು ಅಳತೆ

ಸರ್ಕಾರದ ಕೈಯಲ್ಲಿರುವ ಮಾಹಿತಿಯಲ್ಲಿ ಯಾವುದು ಗೋಪ್ಯವಾಗಿರಬೇಕು ಎಂದು ತೀರ್ಮಾನಿಸುವಾಗ ಮೂರು ಪ್ರಶ್ನೆಗಳು ಏಳುತ್ತವೆ. ಅದು ಹೊರಬಿದ್ದರೆ ಯಾರಿಗೆ ಏನು ಕೆಡುಕು? ಆ ಕೆಡುಕನ್ನು ಅಳೆಯುವವರು ಯಾರು? ಗೋಪ್ಯತೆ ಎಷ್ಟು ಕಾಲ ಉಳಿಯಬೇಕು? ಭಾರತದಲ್ಲಿ ಈ ಮೂರಕ್ಕೂ ಒಂದೇ ಕಡೆ ಉತ್ತರ ಸಿಗುವುದಿಲ್ಲ. 1923ರ ಅಧಿಕೃತ ರಹಸ್ಯಗಳ ಕಾಯ್ದೆ, ಕೇಂದ್ರ ಗೃಹ ಸಚಿವಾಲಯದ ಇಲಾಖಾ ಭದ್ರತಾ ಸೂಚನೆಗಳ ಕೈಪಿಡಿ, 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ, 2005ರ ಮಾಹಿತಿ ಹಕ್ಕು ಕಾಯ್ದೆ ಮತ್ತು ಸುಪ್ರೀಂ ಕೋರ್ಟಿನ ತೀರ್ಪುಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಮನೋಧರ್ಮದಿಂದ ಹುಟ್ಟಿದಂಥವು. ಇವನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮೂಲ ದೋಷ ಎದ್ದು ಕಾಣುತ್ತದೆ. ದೇಶಕ್ಕೆ ಆಗುವ ಹಾನಿ ಮತ್ತು ಅಧಿಕಾರದಲ್ಲಿರುವವರಿಗೆ ಆಗುವ ಮುಜುಗರ ಎರಡನ್ನೂ ವ್ಯವಸ್ಥೆ ಒಂದೇ ಎಂಬಂತೆ ನಡೆಸಿಕೊಂಡು ಬಂದಿದೆ. ಇವೆರಡನ್ನು ಬೇರ್ಪಡಿಸದೆ ಗೋಪ್ಯತೆಯ ಯಾವ ನಿಯಮವೂ ನ್ಯಾಯವಾಗಿ ನಡೆಯಲಾರದು.

ಗೋಪ್ಯತೆ ಸಲ್ಲುವ ಜಾಗ

ಎಲ್ಲವನ್ನೂ ಬಯಲಿಗಿಟ್ಟು ಆಡಳಿತ ನಡೆಸುವುದು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಗಡಿಯಲ್ಲಿ ಸೇನೆಯ ಯಾವ ತುಕಡಿ ಎಲ್ಲಿದೆ, ಸಂಕೇತ ಭಾಷೆಯ ಕೀಲಿ ಯಾವುದು, ಭಯೋತ್ಪಾದಕರ ಗುಂಪಿನ ಒಳಗಿನಿಂದ ಸುದ್ದಿ ಕೊಡುತ್ತಿರುವವರು ಯಾರು ಎಂಬುದು ಹೊರಬಿದ್ದರೆ ಜೀವಗಳು ಹೋಗುತ್ತವೆ. ತನಿಖೆಯ ಮುಂದಿನ ಹೆಜ್ಜೆ ಆರೋಪಿಗೆ ಮೊದಲೇ ತಿಳಿದರೆ ಸಾಕ್ಷ್ಯ ಉಳಿಯುವುದಿಲ್ಲ. ಬೇರೆ ದೇಶ ನಂಬಿಕೆಯಿಟ್ಟು ಕೊಟ್ಟ ಮಾಹಿತಿಯನ್ನು ಬಯಲು ಮಾಡಿದರೆ ಮುಂದೆ ಅದು ಏನನ್ನೂ ಕೊಡುವುದಿಲ್ಲ. ಈ ಬಗೆಯ ಗೋಪ್ಯತೆಗೆ ಸ್ಪಷ್ಟ ಕಾರಣವಿದೆ. ಹಾನಿ ಏನು, ಅದು ಯಾವ ದಾರಿಯಲ್ಲಿ ಬರುತ್ತದೆ ಎಂದು ಹೇಳಲು ಬರುತ್ತದೆ.

ಗಡುವುಳ್ಳ ಗೋಪ್ಯತೆಯೂ ಇದೆ. ಕೇಂದ್ರ ಬಜೆಟ್ ಇದಕ್ಕೆ ಒಳ್ಳೆಯ ಉದಾಹರಣೆ. 1950ರಲ್ಲಿ ಬಜೆಟ್‌ನ ಒಂದು ಭಾಗ ಸೋರಿಕೆಯಾದ ಮೇಲೆ ಮುದ್ರಣವನ್ನು ರಾಷ್ಟ್ರಪತಿ ಭವನದಿಂದ ಮಿಂಟೊ ರಸ್ತೆಯ ಮುದ್ರಣಾಲಯಕ್ಕೆ ಸಾಗಿಸಲಾಯಿತು. 1980ರಿಂದ ದಶಕಗಳ ಕಾಲ ನಾರ್ತ್ ಬ್ಲಾಕ್‌ನಲ್ಲಿ ಅದು ಮುದ್ರಣವಾಯಿತು. ಅಲ್ಲಿ ಆ ಕೆಲಸದಲ್ಲಿದ್ದವರನ್ನು ಮಂಡನೆಯವರೆಗೆ ಹೊರಗಿನ ಸಂಪರ್ಕವಿಲ್ಲದೆ ಇರಿಸುವ ಪದ್ಧತಿ ಬೆಳೆಯಿತು. ಯಾವ ತೆರಿಗೆ ಏರುತ್ತದೆ ಎಂಬುದು ಕೆಲವರಿಗೆ ಮಾತ್ರ ಮೊದಲೇ ಗೊತ್ತಾದರೆ ಅವರು ಅದರಿಂದ ಹಣ ಮಾಡಿಕೊಳ್ಳುತ್ತಾರೆ ಎಂಬುದು ಇಲ್ಲಿನ ಆತಂಕ. ಆದರೆ ಲೋಕಸಭೆಯಲ್ಲಿ ಭಾಷಣ ಮುಗಿದ ಕೂಡಲೇ ಅಷ್ಟೂ ದಾಖಲೆ ಎಲ್ಲರ ಸ್ವತ್ತಾಗುತ್ತದೆ. ಪರೀಕ್ಷೆಯ ಪ್ರಶ್ನೆಪತ್ರಿಕೆಯೂ ಹೀಗೆಯೇ. 2016ರ ಮಾರ್ಚ್‌ನಲ್ಲಿ ಕರ್ನಾಟಕದ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎರಡು ಬಾರಿ ಸೋರಿಕೆಯಾದಾಗ ಲಕ್ಷಾಂತರ ವಿದ್ಯಾರ್ಥಿಗಳು ಪಟ್ಟ ಪಾಡು ಇಂಥ ಗೋಪ್ಯತೆಯ ಬೆಲೆಯನ್ನು ತೋರಿಸಿತು. ಪರೀಕ್ಷೆ ಮುಗಿದ ಮರುಗಳಿಗೆ ಅದೇ ಪತ್ರಿಕೆಯನ್ನು ಬಚ್ಚಿಡಲು ಯಾವ ಕಾರಣವೂ ಉಳಿಯುವುದಿಲ್ಲ. ಸರಿಯಾದ ಗೋಪ್ಯತೆಯ ಲಕ್ಷಣ ಇಷ್ಟೇ: ಅದಕ್ಕೊಂದು ಹೇಳಬಹುದಾದ ಕಾರಣ ಇರುತ್ತದೆ, ಕಾರಣ ಮುಗಿದ ದಿನ ಗೋಪ್ಯತೆಯೂ ಮುಗಿಯುತ್ತದೆ.

ವಸಾಹತುಶಾಹಿಯ ಕಾಯ್ದೆ

ಭಾರತದ ಗೋಪ್ಯತೆಯ ಕಾನೂನಿನ ಬೇರು ಬ್ರಿಟಿಷ್ ಆಳ್ವಿಕೆಯಲ್ಲಿದೆ. 1889ರಲ್ಲಿ ಬಂದ ಮೊದಲ ಕಾಯ್ದೆಯನ್ನು ಲಾರ್ಡ್ ಕರ್ಜನ್ ಕಾಲದಲ್ಲಿ, 1904ರಲ್ಲಿ, ಇನ್ನಷ್ಟು ಬಿಗಿಗೊಳಿಸಲಾಯಿತು. ಬ್ರಿಟನ್ನಿನ 1911ರ ಕಾಯ್ದೆಯ ಮಾದರಿಯಲ್ಲಿ 1923ರ ಅಧಿಕೃತ ರಹಸ್ಯಗಳ ಕಾಯ್ದೆ ರೂಪುಗೊಂಡಿತು. ಆಳುವವರು ಮತ್ತು ಆಳಿಸಿಕೊಳ್ಳುವವರ ನಡುವೆ ನಂಬಿಕೆಯೇ ಇಲ್ಲದ ಕಾಲದ ಕಾನೂನು ಅದು. ಪ್ರಜೆಗೆ ಏನನ್ನೂ ತಿಳಿಸಬೇಕಾಗಿಲ್ಲ, ತಿಳಿಸಿದ್ದೆಲ್ಲ ಕೃಪೆ ಎಂಬುದು ಅದರ ತಳಹದಿ.

ಈ ಕಾಯ್ದೆಯ ಮೂರನೇ ಕಲಂ ಗೂಢಚರ್ಯೆಯನ್ನು ಕುರಿತದ್ದು. ರಕ್ಷಣಾ ವಿಷಯಗಳಲ್ಲಿ 14 ವರ್ಷಗಳವರೆಗೆ ಸೆರೆವಾಸಕ್ಕೆ ಅದರಲ್ಲಿ ಅವಕಾಶವಿದೆ. ಇದರ ಅಗತ್ಯವನ್ನು ಯಾರೂ ತಳ್ಳಿಹಾಕುವುದಿಲ್ಲ. ತೊಡಕಿರುವುದು ಐದನೇ ಕಲಂನಲ್ಲಿ. ಅಧಿಕಾರವಿಲ್ಲದೆ ಮಾಹಿತಿ ಕೊಡುವುದೂ ಅದನ್ನು ತಿಳಿದು ಪಡೆಯುವುದೂ ಅಲ್ಲಿ ಅಪರಾಧ; ಶಿಕ್ಷೆ ಮೂರು ವರ್ಷಗಳವರೆಗೆ. ಆದರೆ ಯಾವ ಮಾಹಿತಿ ರಹಸ್ಯ, ಯಾವುದು ಅಲ್ಲ ಎಂಬುದನ್ನು ಕಾಯ್ದೆ ಎಲ್ಲಿಯೂ ವ್ಯಾಖ್ಯಾನಿಸುವುದಿಲ್ಲ. ಅದನ್ನು ಸರ್ಕಾರವೇ ಪ್ರಕರಣದಿಂದ ಪ್ರಕರಣಕ್ಕೆ ಹೇಳುತ್ತದೆ.

ಇದರ ಪರಿಣಾಮ ಎಂಥದೆಂಬುದು 2002ರಲ್ಲಿ ಪತ್ರಕರ್ತ ಇಫ್ತಿಖಾರ್ ಗಿಲಾನಿ ಅವರ ಬಂಧನದಲ್ಲಿ ಕಂಡುಬಂತು. ಜಮ್ಮು ಮತ್ತು ಕಾಶ್ಮೀರದಲ್ಲಿನ ಸೇನಾ ನಿಯೋಜನೆಯ ಬಗ್ಗೆ ಅವರ ಕಂಪ್ಯೂಟರಿನಲ್ಲಿದ್ದ ಬರಹವನ್ನು ರಹಸ್ಯ ದಾಖಲೆ ಎಂದು ಆರೋಪಿಸಿ ಈ ಕಾಯ್ದೆಯಡಿ ಅವರನ್ನು ಸೆರೆಯಲ್ಲಿಡಲಾಯಿತು. ಆ ಬರಹ ಪಾಕಿಸ್ತಾನದ ಸಂಸ್ಥೆಯೊಂದು ಮೊದಲೇ ಪ್ರಕಟಿಸಿದ್ದ ಪುಸ್ತಿಕೆಯಲ್ಲಿತ್ತು, ಅಂತರ್ಜಾಲದಲ್ಲಿ ಯಾರಿಗೂ ಸಿಗುತ್ತಿತ್ತು. ಸೇನಾ ಗುಪ್ತಚರ ವಿಭಾಗ ಅದಕ್ಕೆ ಭದ್ರತಾ ಮಹತ್ವವಿಲ್ಲ ಎಂದು ಕೊನೆಗೆ ತಿಳಿಸಿದ ಮೇಲೆ, ಸುಮಾರು ಏಳು ತಿಂಗಳ ಸೆರೆವಾಸದ ಬಳಿಕ, 2003ರ ಜನವರಿಯಲ್ಲಿ ಅವರ ಬಿಡುಗಡೆಯಾಯಿತು. ಲೋಕಕ್ಕೆಲ್ಲ ಗೊತ್ತಿದ್ದ ಸಂಗತಿಯೂ ಅಧಿಕಾರಿ ಹೇಳಿದರೆ ರಹಸ್ಯವಾಗುತ್ತದೆ ಎಂಬ ಸ್ಥಿತಿ ಕಾನೂನಿನ ದೋಷ. ಅದನ್ನು ಒಬ್ಬ ಅಧಿಕಾರಿಯ ಅವಿವೇಕವೆಂದು ತಳ್ಳಿಹಾಕಲು ಬರುವುದಿಲ್ಲ. ಈ ಕಾಯ್ದೆಗೆ ಮಾದರಿ ಒದಗಿಸಿದ ಬ್ರಿಟನ್ ಕೂಡ ತನ್ನ 1911ರ ಕಾಯ್ದೆಯಲ್ಲಿದ್ದ ಇಂಥದೇ ಕಲಂ ಅನ್ನು 1989ರಲ್ಲಿ ಕೈಬಿಟ್ಟು, ರಕ್ಷಣೆ, ಗುಪ್ತಚರ, ವಿದೇಶಾಂಗ ಸಂಬಂಧದಂಥ ನಿರ್ದಿಷ್ಟ ವಿಷಯಗಳಿಗೆ ಅಪರಾಧವನ್ನು ಸೀಮಿತಗೊಳಿಸಿತು. ಭಾರತದಲ್ಲಿ ಐದನೇ ಕಲಂ ಇನ್ನೂ ಉಳಿದಿದೆ.

ಮೊಹರು ಬೀಳುವ ಬಗೆ

ಕಡತದ ಮೇಲೆ ಗೋಪ್ಯತೆಯ ಮೊಹರು ಬೀಳುವುದು ಕಾಯ್ದೆಯಿಂದಲ್ಲ, ಗೃಹ ಸಚಿವಾಲಯದ 1994ರ ಕೈಪಿಡಿಯಿಂದ. ಸಾರ್ವಜನಿಕರಿಗೆ ಸಿಗದ ಈ ಕೈಪಿಡಿಯ ಮುಖ್ಯ ಅಂಶಗಳು ಎರಡನೇ ಆಡಳಿತ ಸುಧಾರಣಾ ಆಯೋಗದ ವರದಿಯ ಮೂಲಕ ಬೆಳಕಿಗೆ ಬಂದವು. ಅದರಲ್ಲಿ ನಾಲ್ಕು ದರ್ಜೆಗಳಿವೆ. ರಾಷ್ಟ್ರೀಯ ಭದ್ರತೆಗೆ ಅಥವಾ ಹಿತಕ್ಕೆ ಅತ್ಯಂತ ಘೋರ ಹಾನಿ ತರಬಲ್ಲದ್ದು ‘ಟಾಪ್ ಸೀಕ್ರೆಟ್’, ಗಂಭೀರ ಹಾನಿ ತರಬಲ್ಲದ್ದು ‘ಸೀಕ್ರೆಟ್’, ಹಾನಿ ತರಬಲ್ಲದ್ದು ‘ಕಾನ್ಫಿಡೆನ್ಷಿಯಲ್’. ಕಚೇರಿ ಬಳಕೆಗೆ ಮಾತ್ರ ಮೀಸಲಾದದ್ದು ‘ರಿಸ್ಟ್ರಿಕ್ಟೆಡ್’.

ಹಾನಿಯ ಏರುಮಟ್ಟಕ್ಕೆ ತಕ್ಕಂತೆ ದರ್ಜೆ ಏರುವ ಈ ಕ್ರಮ ಮೇಲುನೋಟಕ್ಕೆ ಸರಿಯಾಗಿದೆ. ಆದರೆ ಎರಡನೇ ಮತ್ತು ಮೂರನೇ ದರ್ಜೆಗಳ ವಿವರಣೆಯಲ್ಲಿ ದೇಶದ ಹಾನಿಯ ಪಕ್ಕದಲ್ಲೇ ಇನ್ನೊಂದು ಅಳತೆಯೂ ಸೇರಿದೆ: ಸರ್ಕಾರಕ್ಕೆ ಅದರ ಕಾರ್ಯನಿರ್ವಹಣೆಯಲ್ಲಿ ಉಂಟಾಗುವ ಮುಜುಗರ. ‘ಸೀಕ್ರೆಟ್’ಗೆ ಗಂಭೀರ ಮುಜುಗರ ಸಾಕು, ‘ಕಾನ್ಫಿಡೆನ್ಷಿಯಲ್’ಗೆ ಬರೀ ಮುಜುಗರ ಸಾಕು. ಸರ್ಕಾರಕ್ಕೆ ಮುಜುಗರ ತರುವುದಾದರೂ ಏನು? ತಪ್ಪು ಲೆಕ್ಕ, ಕೈಕೊಟ್ಟ ಯೋಜನೆ, ಕಡೆಗಣಿಸಿದ ಎಚ್ಚರಿಕೆ, ಅನರ್ಹನಿಗೆ ಹೋದ ಗುತ್ತಿಗೆ. ಪ್ರಜೆಗಳು ಮತ ಹಾಕುವ ಮೊದಲು ತಿಳಿದುಕೊಳ್ಳಬೇಕಾದದ್ದೇ ಇವು.

ಅಮೆರಿಕದ ನಿಯಮ ಈ ವಿಷಯದಲ್ಲಿ ನೇರವಾಗಿ ಎದುರು ದಿಕ್ಕಿನಲ್ಲಿದೆ. 2009ರ ಡಿಸೆಂಬರ್‌ನಲ್ಲಿ ಅಲ್ಲಿನ ಅಧ್ಯಕ್ಷರು ಹೊರಡಿಸಿದ 13526ನೇ ಕಾರ್ಯಾದೇಶ ಕಾನೂನುಭಂಗ, ಅದಕ್ಷತೆ ಅಥವಾ ಆಡಳಿತದ ತಪ್ಪನ್ನು ಮುಚ್ಚಲು, ವ್ಯಕ್ತಿ ಅಥವಾ ಇಲಾಖೆಗೆ ಆಗುವ ಮುಜುಗರ ತಪ್ಪಿಸಲು ಮಾಹಿತಿಯನ್ನು ಗೋಪ್ಯವೆಂದು ವರ್ಗೀಕರಿಸಕೂಡದು ಎಂದು ವಿಧಿಸುತ್ತದೆ. ಆ ನಿಷೇಧ ಏಕೆ ಬೇಕು ಎಂಬುದನ್ನು ಅಮೆರಿಕದ ಅನುಭವವೇ ಹೇಳುತ್ತದೆ. 1948ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ವಾಯುಪಡೆಯ ಬಿ-29 ವಿಮಾನವೊಂದು ಬಿದ್ದು ಒಂಬತ್ತು ಮಂದಿ ಸತ್ತರು. ಸತ್ತವರಲ್ಲಿ ಮೂವರು ನಾಗರಿಕ ತಜ್ಞರ ಪತ್ನಿಯರು ಪರಿಹಾರ ಕೋರಿ ಅಪಘಾತದ ವರದಿ ಕೇಳಿದಾಗ, ವಿಮಾನದಲ್ಲಿ ರಹಸ್ಯ ಉಪಕರಣಗಳಿದ್ದವು ಎಂದು ಸರ್ಕಾರ ನಿರಾಕರಿಸಿತು. 1953ರ ರೆನಾಲ್ಡ್ಸ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ವರದಿಯನ್ನು ತೆರೆದೂ ನೋಡದೆ ಸರ್ಕಾರದ ಮಾತನ್ನು ಒಪ್ಪಿತು. ದಶಕಗಳ ನಂತರ ವರದಿ ಹೊರಬಂದಾಗ ಅದರಲ್ಲಿ ಆ ಉಪಕರಣಗಳ ರಹಸ್ಯ ವಿವರಗಳಿರಲಿಲ್ಲ. ವಿಮಾನದ ನಿರ್ವಹಣೆಯಲ್ಲಿ ಆಗಿದ್ದ ಲೋಪಗಳಿದ್ದವು. ಅಷ್ಟು ಹೊತ್ತಿಗೆ ಆ ತೀರ್ಪು ಅಮೆರಿಕದ ನ್ಯಾಯಾಲಯಗಳಲ್ಲಿ ಸರ್ಕಾರದ ಗೋಪ್ಯತೆಯ ವಾದಕ್ಕೆ ಬುನಾದಿಯಾಗಿ ನೆಲೆಗೊಂಡಿತ್ತು.

ಮೊಹರು ಹೆಚ್ಚಾಗಿ ಬೀಳಲು ಇನ್ನೊಂದು ಕಾರಣವಿದೆ. ಅದು ದುರುದ್ದೇಶದ್ದಲ್ಲ, ಭಯದ್ದು. ಗೋಪ್ಯವಾಗಿಡಬೇಕಿದ್ದ ಕಾಗದ ಹೊರಹೋದರೆ ಅಧಿಕಾರಿಗೆ ಇಲಾಖಾ ವಿಚಾರಣೆ, ಕೆಲವೊಮ್ಮೆ ಸೆರೆವಾಸ. ಬೇಡದ ಕಾಗದಕ್ಕೆ ಮೊಹರು ಹಾಕಿದರೆ ಕೇಳುವವರೇ ಇಲ್ಲ. ಹೀಗಿರುವಾಗ ಅನುಮಾನ ಬಂದಾಗಲೆಲ್ಲ ಮೊಹರು ಒತ್ತುವುದೇ ಸುರಕ್ಷಿತ ಎಂದು ಯಾವ ಅಧಿಕಾರಿಗಾದರೂ ಅನ್ನಿಸುತ್ತದೆ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡವಿದೆ. ಆದರೆ ಅದು ಬೀಳುವುದು ಸಕಾರಣವಿಲ್ಲದೆ ಮಾಹಿತಿ ನಿರಾಕರಿಸಿದ ಮಾಹಿತಿ ಅಧಿಕಾರಿಯ ಮೇಲೆಯೇ ಹೊರತು, ಮೊದಲಿಗೆ ಮೊಹರು ಒತ್ತಿದವರ ಮೇಲಲ್ಲ.

ಹಾನಿಯನ್ನು ತೂಗುವ ಕಾನೂನು

2005ರ ಮಾಹಿತಿ ಹಕ್ಕು ಕಾಯ್ದೆ ಈ ಪರಂಪರೆಯನ್ನು ತಿರುಗಿಸಿತು. ತಮಿಳುನಾಡು, ಗೋವಾ, ಕರ್ನಾಟಕದಂಥ ರಾಜ್ಯಗಳು ಅದಕ್ಕೂ ಮೊದಲೇ ತಮ್ಮದೇ ಕಾಯ್ದೆಗಳನ್ನು ಮಾಡಿದ್ದವು; ಕರ್ನಾಟಕದ್ದು 2000ದ ಕಾಯ್ದೆ. ಕೇಂದ್ರದ ಕಾಯ್ದೆಯಲ್ಲಿ ಮಾಹಿತಿ ಕೊಡುವುದೇ ನಿಯಮ, ನಿರಾಕರಣೆ ಅಪವಾದ. ಎಂಟನೇ ಕಲಂ ಅಪವಾದಗಳನ್ನು ಪಟ್ಟಿ ಮಾಡುತ್ತದೆ: ದೇಶದ ಸಾರ್ವಭೌಮತೆ ಮತ್ತು ಭದ್ರತೆ, ವಿದೇಶಗಳೊಂದಿಗಿನ ಸಂಬಂಧ, ಶಾಸನಸಭೆಗಳ ಹಕ್ಕುಬಾಧ್ಯತೆ, ವ್ಯಾಪಾರದ ಗುಟ್ಟು, ವ್ಯಕ್ತಿಯ ಜೀವಕ್ಕೆ ಅಪಾಯ, ನಡೆಯುತ್ತಿರುವ ತನಿಖೆ, ಸಂಪುಟದ ಕಾಗದಪತ್ರ, ಖಾಸಗಿತನ ಮೊದಲಾದವು. ಈ ಪಟ್ಟಿಯಲ್ಲಿ ಸರ್ಕಾರದ ಮುಜುಗರಕ್ಕೆ ಸ್ಥಾನವಿಲ್ಲ.

ಪಟ್ಟಿಗಿಂತ ಮುಖ್ಯವಾದದ್ದು ಅದರ ಸುತ್ತಲಿನ ಏರ್ಪಾಡು. ವಿನಾಯಿತಿಗೆ ಒಳಪಟ್ಟ ಮಾಹಿತಿಯಾದರೂ ಬಹಿರಂಗದಿಂದ ಆಗುವ ಸಾರ್ವಜನಿಕ ಹಿತ ಹಾನಿಗಿಂತ ದೊಡ್ಡದಾಗಿದ್ದರೆ, 1923ರ ಕಾಯ್ದೆ ಏನೇ ಹೇಳಲಿ, ಅದನ್ನು ಕೊಡಬಹುದು. ಕಡತದ ಒಂದು ಭಾಗ ಮಾತ್ರ ಸೂಕ್ಷ್ಮವಾಗಿದ್ದರೆ ಅಷ್ಟನ್ನು ತೆಗೆದು ಉಳಿದದ್ದನ್ನು ಕೊಡಬೇಕೆಂದು ಹತ್ತನೇ ಕಲಂ ಹೇಳುತ್ತದೆ. ಮೇಲ್ಮನವಿಯಲ್ಲಿ ನಿರಾಕರಣೆ ಸರಿಯೆಂದು ಸಾಬೀತುಪಡಿಸುವ ಹೊಣೆ ನಿರಾಕರಿಸಿದವರದು. ಅಂದರೆ ಕಡತದ ಮೇಲೆ ಮೊಹರಿದೆ ಎಂಬುದೇ ಉತ್ತರವಾಗುವುದಿಲ್ಲ. ಒಳಗಿನ ವಿಷಯ ಏನು ಹಾನಿ ಮಾಡುತ್ತದೆ ಎಂದು ತೋರಿಸಬೇಕು.

ಈ ಕಾಯ್ದೆಗೂ ತೂತುಗಳಿವೆ. ಗುಪ್ತಚರ ಮತ್ತು ಭದ್ರತಾ ಸಂಸ್ಥೆಗಳನ್ನು 24ನೇ ಕಲಂ ಇಡಿಯಾಗಿ ಹೊರಗಿಡುತ್ತದೆ. ಭ್ರಷ್ಟಾಚಾರ ಮತ್ತು ಮಾನವ ಹಕ್ಕುಗಳ ಉಲ್ಲಂಘನೆಯ ಆರೋಪಗಳಿಗೆ ಸಂಬಂಧಿಸಿದ ಮಾಹಿತಿ ಮಾತ್ರ ಅದಕ್ಕೆ ಅಪವಾದ. 2011ರಲ್ಲಿ ಸಿಬಿಐ ಕೂಡ ಆ ಪಟ್ಟಿಗೆ ಸೇರಿತು. ಭ್ರಷ್ಟಾಚಾರದ ತನಿಖೆಯೇ ಮುಖ್ಯ ಕೆಲಸವಾದ ಸಂಸ್ಥೆಯನ್ನು ಭದ್ರತಾ ಸಂಸ್ಥೆಗಳ ಸಾಲಿನಲ್ಲಿ ಕೂರಿಸಲಾಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಖಾಸಗಿತನದ ವಿನಾಯಿತಿಗೆ ತಿದ್ದುಪಡಿ ತಂದಿತು. ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿದೆಯೇ ಎಂದು ತೂಗಿ ನೋಡಬೇಕೆಂಬ ಷರತ್ತನ್ನು ಆ ಉಪವಿಧಿಯಿಂದ ತೆಗೆದು, ವೈಯಕ್ತಿಕ ಮಾಹಿತಿ ಎಂಬುದಷ್ಟೇ ನಿರಾಕರಣೆಗೆ ಸಾಕೆಂದು ಬರೆಯಿತು. ಅಧಿಕಾರಿಯ ಹೆಸರಿರುವ ಪ್ರತಿ ಆದೇಶವನ್ನೂ ಇದರ ಮರೆಯಲ್ಲಿಡಲು ಸಾಧ್ಯವಿರುವುದರಿಂದ ಇದನ್ನು ಸಣ್ಣ ಬದಲಾವಣೆ ಎನ್ನುವಂತಿಲ್ಲ.

ನ್ಯಾಯಾಲಯ ಕಡತ ತೆರೆದು ನೋಡಬಹುದೇ?

ಗೋಪ್ಯತೆ ಬೇಕೆಂದು ಹೇಳುವವರೇ ಅದರ ಅಂತಿಮ ತೀರ್ಪುಗಾರರೂ ಆದರೆ ನಿಯಮಕ್ಕೆ ಅರ್ಥವಿರುವುದಿಲ್ಲ. ಭಾರತದ ನ್ಯಾಯಾಲಯಗಳು ಈ ಅರಿವಿಗೆ ನಿಧಾನವಾಗಿ ಬಂದವು. 1961ರ ಸೋಧಿ ಸುಖದೇವ್ ಸಿಂಗ್ ಪ್ರಕರಣದಲ್ಲಿ, ರಾಜ್ಯವ್ಯವಹಾರದ ದಾಖಲೆಯನ್ನು ನ್ಯಾಯಾಲಯ ತಾನೇ ನೋಡುವಂತಿಲ್ಲ, ಹಾನಿಯ ನಿರ್ಧಾರ ಇಲಾಖೆಯ ಮುಖ್ಯಸ್ಥರದು ಎಂಬ ನಿಲುವು ಗೆದ್ದಿತು.

1975ರ ರಾಜ್ ನಾರಾಯಣ್ ಪ್ರಕರಣ ಈ ನಿಲುವನ್ನು ಸಡಿಲಿಸಿತು. ಇಂದಿರಾ ಗಾಂಧಿಯವರ ರಾಯ್‌ಬರೇಲಿ ಚುನಾವಣೆಯನ್ನು ಪ್ರಶ್ನಿಸಿದ ಅರ್ಜಿಯಲ್ಲಿ, ಪ್ರಧಾನಿಯ ಪ್ರವಾಸಕಾಲದ ರಕ್ಷಣೆಯ ನಿಯಮಗಳಿದ್ದ ‘ಬ್ಲೂ ಬುಕ್’ ಅನ್ನು ಹಾಜರುಪಡಿಸಬೇಕೇ ಎಂಬುದು ಅಲ್ಲಿನ ವಿವಾದ. ಸರ್ಕಾರದ ಹೇಳಿಕೆ ತೃಪ್ತಿಕರವಲ್ಲ ಎನಿಸಿದರೆ ನ್ಯಾಯಾಧೀಶರು ದಾಖಲೆಯನ್ನು ತಾವೇ ಪರಿಶೀಲಿಸಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಪ್ರತ್ಯೇಕ ಅಭಿಪ್ರಾಯ ಬರೆದ ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ, ಅಧಿಕಾರಿಗಳೆಲ್ಲ ತಮ್ಮ ನಡೆಗೆ ಹೊಣೆ ಹೊರಬೇಕಾದ ಸರ್ಕಾರದಲ್ಲಿ ರಹಸ್ಯಗಳಿಗೆ ಹೆಚ್ಚು ಜಾಗವಿಲ್ಲ, ತಿಳಿಯುವ ಹಕ್ಕು ವಾಕ್ ಸ್ವಾತಂತ್ರ್ಯದಿಂದಲೇ ಹರಿದುಬರುತ್ತದೆ ಎಂದು ಪ್ರತಿಪಾದಿಸಿದರು. 1981ರ ಎಸ್.ಪಿ. ಗುಪ್ತ ಪ್ರಕರಣದಲ್ಲಿ ನ್ಯಾಯಾಧೀಶರ ನೇಮಕ ಕುರಿತ ಪತ್ರವ್ಯವಹಾರವನ್ನೇ ಬಹಿರಂಗಪಡಿಸಲು ಆದೇಶವಾಯಿತು. ಒಂದು ವರ್ಗದ ದಾಖಲೆಗಳೆಲ್ಲ ಅವುಗಳ ವರ್ಗದ ಕಾರಣಕ್ಕೇ ಗೋಪ್ಯ ಎಂಬ ವಾದಕ್ಕೆ ಮನ್ನಣೆ ಸಿಗಲಿಲ್ಲ.

2019ರಲ್ಲಿ ರಫೇಲ್ ವಿಮಾನ ಖರೀದಿಯ ಮರುಪರಿಶೀಲನಾ ಅರ್ಜಿಗಳಲ್ಲಿ, ಪತ್ರಿಕೆಯಲ್ಲಿ ಪ್ರಕಟವಾಗಿದ್ದ ದಾಖಲೆಗಳನ್ನು 1923ರ ಕಾಯ್ದೆಯ ಹೆಸರಿನಲ್ಲಿ ಹೊರಗಿಡಬೇಕೆಂಬ ಸರ್ಕಾರದ ಆಕ್ಷೇಪವನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಮುಂದೆ ಆ ಅರ್ಜಿಗಳೇ ವಜಾ ಆದವು. ಆದರೂ ದಾಖಲೆ ನೋಡಿ ತೀರ್ಮಾನಿಸುವುದಕ್ಕೂ ನೋಡದೆ ಬಾಗಿಲು ಮುಚ್ಚುವುದಕ್ಕೂ ವ್ಯತ್ಯಾಸವಿದೆ. 2023ರ ಏಪ್ರಿಲ್‌ನಲ್ಲಿ ಮಲಯಾಳಂ ಸುದ್ದಿವಾಹಿನಿ ಮೀಡಿಯಾ ಒನ್ ಪ್ರಕರಣದ ತೀರ್ಪು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ವಾಹಿನಿಗೆ ಭದ್ರತಾ ಅನುಮತಿ ನಿರಾಕರಿಸಿದ ಕಾರಣಗಳನ್ನು ಸರ್ಕಾರ ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಧೀಶರಿಗೆ ಮಾತ್ರ ಕೊಟ್ಟಿತ್ತು. ರಾಷ್ಟ್ರೀಯ ಭದ್ರತೆಯ ಹೆಸರನ್ನು ಆಧಾರವಿಲ್ಲದೆ ಎತ್ತುವಂತಿಲ್ಲ, ಎದುರು ಪಕ್ಷಕ್ಕೆ ಕಾರಣವನ್ನೇ ತಿಳಿಸದೆ ನ್ಯಾಯ ನಡೆಯುವುದಿಲ್ಲ ಎಂದು ನ್ಯಾಯಾಲಯ ಹೇಳಿ ನಿರಾಕರಣೆಯನ್ನು ರದ್ದುಪಡಿಸಿತು.

ಗೋಪ್ಯತೆಗೆ ಕೊನೆಯ ದಿನ

ಕಾಲ ಕಳೆದಂತೆ ಬಹುತೇಕ ರಹಸ್ಯಗಳು ಅಪಾಯ ಕಳೆದುಕೊಂಡು ಇತಿಹಾಸವಾಗುತ್ತವೆ. ಆ ಬದಲಾವಣೆಯನ್ನು ಗುರುತಿಸುವ ವ್ಯವಸ್ಥೆ ಭಾರತದಲ್ಲಿ ಕಾಗದದ ಮೇಲಿದೆ. ಮಾಹಿತಿ ಹಕ್ಕು ಕಾಯ್ದೆ 20 ವರ್ಷ ಹಳೆಯ ವಿಷಯಗಳಿಗೆ ಕೆಲವೇ ವಿನಾಯಿತಿಗಳನ್ನು ಉಳಿಸುತ್ತದೆ. ಗೋಪ್ಯ ದಾಖಲೆಗಳನ್ನು ಐದು ವರ್ಷಕ್ಕೊಮ್ಮೆ ಮರುಪರಿಶೀಲಿಸಬೇಕೆಂದು 1997ರ ಸಾರ್ವಜನಿಕ ದಾಖಲೆಗಳ ನಿಯಮಗಳು ಹೇಳುತ್ತವೆ. ಆದರೆ 1993ರ ಕಾಯ್ದೆಯ ಹತ್ತನೇ ಕಲಂ ಪ್ರಕಾರ, ಗೋಪ್ಯತೆಯ ದರ್ಜೆ ಹೊತ್ತಿರುವ ದಾಖಲೆ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗುವಂತಿಲ್ಲ. ಮೊಹರು ತೆಗೆಯಬೇಕಾದ್ದು ಅದನ್ನು ಒತ್ತಿದ ಇಲಾಖೆಯೇ. ಅದು ಸುಮ್ಮನಿದ್ದರೆ ಕಡತ ಎಷ್ಟು ದಶಕವಾದರೂ ಇದ್ದಲ್ಲೇ ಇರುತ್ತದೆ.

1962ರ ಚೀನಾ ಯುದ್ಧದ ಸೋಲನ್ನು ವಿಶ್ಲೇಷಿಸಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿಯ ಗತಿ ಇದೇ. 1963ರಲ್ಲಿ ಸಿದ್ಧವಾದ ಈ ವರದಿಯನ್ನು ಅದರಲ್ಲಿರುವ ವಿಷಯಗಳಿಗೆ ಈಗಲೂ ಯುದ್ಧತಂತ್ರದ ಮಹತ್ವವಿದೆ ಎಂಬ ಕಾರಣಕ್ಕೆ ಒಂದಾದ ಮೇಲೊಂದು ಸರ್ಕಾರ ಬಿಡುಗಡೆ ಮಾಡಲಿಲ್ಲ. 2014ರಲ್ಲಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ಅದರ ದೊಡ್ಡ ಭಾಗವನ್ನು ಅಂತರ್ಜಾಲದಲ್ಲಿ ಪ್ರಕಟಿಸಿದ ಮೇಲೂ ಅಧಿಕೃತ ಪ್ರತಿಯ ಮೊಹರು ಹಾಗೆಯೇ ಉಳಿಯಿತು. ಇದಕ್ಕೆ ಎದುರಾಗಿ ನಿಲ್ಲುವುದು 1999ರ ಕಾರ್ಗಿಲ್ ಯುದ್ಧ. ಕೆ. ಸುಬ್ರಹ್ಮಣ್ಯಂ ನೇತೃತ್ವದ ಪರಾಮರ್ಶೆ ಸಮಿತಿಯ ವರದಿ, ಸೂಕ್ಷ್ಮ ಭಾಗಗಳನ್ನು ಅಳಿಸಿದ ರೂಪದಲ್ಲಿ, 2000ದ ಫೆಬ್ರವರಿಯಲ್ಲಿ ಸಂಸತ್ತಿನ ಮುಂದೆ ಬಂತು. ಗುಪ್ತಚರ ವ್ಯವಸ್ಥೆಯ ವೈಫಲ್ಯಗಳನ್ನು ಅದು ಬಿಚ್ಚಿಟ್ಟಿತು. ಮುಂದಿನ ಭದ್ರತಾ ಸುಧಾರಣೆಗಳಿಗೆ ಅದೇ ಆಧಾರವಾಯಿತು. ಯುದ್ಧ ಮುಗಿದು ವರ್ಷ ತುಂಬುವ ಮೊದಲೇ ಇದು ಸಾಧ್ಯವಾಯಿತೆಂದ ಮೇಲೆ ಅರ್ಧ ಶತಮಾನಕ್ಕೂ ಹಳೆಯ ವರದಿಯನ್ನು ಇಡಿಯಾಗಿ ಬಚ್ಚಿಡುವುದಕ್ಕೆ ಸಮರ್ಥನೆ ಉಳಿಯುವುದಿಲ್ಲ.

ಸುಭಾಷ್‌ಚಂದ್ರ ಬೋಸ್ ಅವರ ಕಡತಗಳ ಕಥೆಯೂ ಇದನ್ನೇ ಹೇಳುತ್ತದೆ. ಬಿಡುಗಡೆ ಮಾಡಿದರೆ ವಿದೇಶಗಳೊಂದಿಗಿನ ಸಂಬಂಧ ಕೆಡುತ್ತದೆ ಎಂದು ಹಲವು ವರ್ಷ ಹೇಳಲಾಗಿತ್ತು. 2015ರ ಸೆಪ್ಟೆಂಬರ್‌ನಲ್ಲಿ ಪಶ್ಚಿಮ ಬಂಗಾಳ ಸರ್ಕಾರ 64 ಕಡತಗಳನ್ನು, 2016ರ ಜನವರಿ 23ರಂದು ಕೇಂದ್ರ ಸರ್ಕಾರ 100 ಕಡತಗಳನ್ನು ಬಿಡುಗಡೆ ಮಾಡಿದವು. ಯಾವ ದೇಶದೊಂದಿಗಿನ ಸಂಬಂಧವೂ ಅದರಿಂದ ಕೆಡಲಿಲ್ಲ. 2021ರಲ್ಲಿ ರಕ್ಷಣಾ ಸಚಿವಾಲಯ ಯುದ್ಧ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಗಳಲ್ಲಿ ಬಹಿರಂಗಪಡಿಸುವ ನೀತಿ ತಂದದ್ದು ಸ್ವಾಗತಾರ್ಹ. ಆದರೆ ಅದು ನೀತಿ ಮಾತ್ರ. ಕಾನೂನಿನ ಬಲ ಅದಕ್ಕಿಲ್ಲ.

ಎದುರು ವಾದಗಳು

ಹೆಚ್ಚಿನ ಗೋಪ್ಯತೆಯನ್ನು ಸಮರ್ಥಿಸುವವರ ಎರಡು ವಾದಗಳನ್ನು ಗಂಭೀರವಾಗಿ ಪರಿಗಣಿಸಬೇಕು. ಮೊದಲನೆಯದು, ಬಿಡಿಬಿಡಿಯಾಗಿ ನಿರಪಾಯಕಾರಿ ಎನಿಸುವ ಚೂರುಗಳನ್ನು ಶತ್ರು ಜೋಡಿಸಿ ದೊಡ್ಡ ಚಿತ್ರ ಕಂಡುಕೊಳ್ಳಬಲ್ಲ ಎಂಬುದು. ಇದು ನಿಜ. ಸೇನಾ ಸಾಮಗ್ರಿಯ ಸಾಗಣೆಯ ವಿವರಗಳಿಂದ ಕಾರ್ಯಾಚರಣೆಯ ಸುಳಿವು ಸಿಗಬಹುದು. ಆದರೆ ಈ ವಾದವನ್ನು ಅಂಕೆಯಿಲ್ಲದೆ ಒಪ್ಪಿದರೆ ಯಾವ ಕಾಗದವನ್ನೂ ಕೊಡಲಾಗದು. ಯಾವ ಚೂರು ಯಾವುದರೊಂದಿಗೆ ಸೇರಿ ಏನಾಗುತ್ತದೆ ಎಂದು ಕನಿಷ್ಠ ಪರಿಶೀಲಕರಿಗಾದರೂ ತೋರಿಸುವ ಹೊಣೆ ಸರ್ಕಾರದ್ದು.

ಎರಡನೆಯದು, ಕಡತದ ಟಿಪ್ಪಣಿಗಳು ಬಹಿರಂಗವಾಗುತ್ತವೆ ಎಂದು ಗೊತ್ತಾದರೆ ಅಧಿಕಾರಿಗಳು ಮನಬಿಚ್ಚಿ ಸಲಹೆ ಬರೆಯುವುದಿಲ್ಲ ಎಂಬುದು. 2006ರಲ್ಲಿ ಟಿಪ್ಪಣಿಗಳನ್ನು ಮಾಹಿತಿ ಹಕ್ಕಿನಿಂದ ಹೊರಗಿಡಲು ಕೇಂದ್ರ ಸಂಪುಟ ಮುಂದಾದದ್ದು ಇದೇ ಕಾರಣಕ್ಕೆ. ಜನರ ವಿರೋಧದಿಂದ ಆ ತಿದ್ದುಪಡಿ ನಿಂತಿತು. ತೀರ್ಮಾನ ಇನ್ನೂ ಕುದಿಯುತ್ತಿರುವಾಗ ಒಳಚರ್ಚೆಗೆ ಏಕಾಂತ ಬೇಕೆಂಬುದನ್ನು ಕಾಯ್ದೆಯೂ ಒಪ್ಪುತ್ತದೆ. ಸಂಪುಟದ ಕಾಗದಗಳನ್ನು ತೀರ್ಮಾನ ಆಗುವವರೆಗೆ ಕಾಯ್ದು, ಆಮೇಲೆ ಕಾರಣಗಳ ಸಮೇತ ಬಹಿರಂಗಪಡಿಸಬೇಕೆಂಬ ನಿಯಮ ಇರುವುದು ಅದಕ್ಕಾಗಿಯೇ. ತೀರ್ಮಾನವಾದ ನಂತರ ಬೆಳಕಿಗೆ ಬರುವ ಟಿಪ್ಪಣಿ ಪ್ರಾಮಾಣಿಕ ಅಧಿಕಾರಿಗೆ ರಕ್ಷಣೆಯೇ ಆಗುತ್ತದೆ. ಮಂತ್ರಿಯ ತಪ್ಪು ಆದೇಶಕ್ಕೆ ತಾನು ಲಿಖಿತವಾಗಿ ಆಕ್ಷೇಪಿಸಿದ್ದೆ ಎಂದು ತೋರಿಸಲು ಅವರಿಗಿರುವ ಸಾಕ್ಷಿ ಅದೊಂದೇ.

ಇದರ ಮೇಲೆ ಭದ್ರತೆಯ ಕಡೆಯಿಂದಲೇ ಹೇಳಬೇಕಾದ ಮಾತೊಂದಿದೆ. ಎಲ್ಲದಕ್ಕೂ ಮೊಹರು ಬಿದ್ದರೆ ಯಾವ ಮೊಹರಿಗೂ ಬೆಲೆಯಿರುವುದಿಲ್ಲ. ಕಡತ ಮುಟ್ಟುವವರೆಲ್ಲ ಅದನ್ನು ಹಗುರವಾಗಿ ಕಾಣುತ್ತಾರೆ. 1971ರ ಪೆಂಟಗನ್ ಪೇಪರ್ಸ್ ಪ್ರಕರಣದಲ್ಲಿ ಅಮೆರಿಕದ ನ್ಯಾಯಮೂರ್ತಿ ಪಾಟರ್ ಸ್ಟುವರ್ಟ್ ಇದನ್ನೇ ಎಚ್ಚರಿಸಿದ್ದರು. ನಿಜವಾದ ರಹಸ್ಯವನ್ನು ಕಾಪಾಡಬೇಕಾದರೆ ರಹಸ್ಯಗಳ ಸಂಖ್ಯೆ ಕಡಿಮೆಯಿರಬೇಕು.

ಆಗಬೇಕಾದದ್ದು

ದಾರಿ ಹೊಸದಾಗಿ ಹುಡುಕಬೇಕಾದದ್ದಲ್ಲ. ಕರ್ನಾಟಕದ ಮಾಜಿ ಮುಖ್ಯಮಂತ್ರಿ ಎಂ. ವೀರಪ್ಪ ಮೊಯಿಲಿ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ 2006ರ ತನ್ನ ಮೊದಲ ವರದಿಯಲ್ಲೇ ಅದನ್ನು ಬರೆದಿಟ್ಟಿದೆ. 1923ರ ಕಾಯ್ದೆಯನ್ನು ರದ್ದುಪಡಿಸಿ, ಗೂಢಚರ್ಯೆಯಂಥ ಅಪರಾಧಗಳನ್ನು ರಾಷ್ಟ್ರೀಯ ಭದ್ರತಾ ಕಾಯ್ದೆಯ ಒಂದು ಅಧ್ಯಾಯಕ್ಕೆ ಸೇರಿಸಬೇಕು. ಮಾಹಿತಿ ಹಕ್ಕು ಕಾಯ್ದೆಯಲ್ಲಿ ವಿನಾಯಿತಿ ಪಡೆಯಬಲ್ಲ ಮಾಹಿತಿಗೆ ಮಾತ್ರ ಗೋಪ್ಯ ದರ್ಜೆ ಕೊಡಬೇಕು. ಜಂಟಿ ಕಾರ್ಯದರ್ಶಿಗಿಂತ ಕೆಳಗಿನವರಿಗೆ ‘ಟಾಪ್ ಸೀಕ್ರೆಟ್’ ದರ್ಜೆ ಕೊಡುವ ಅಧಿಕಾರ ಇರಬಾರದು. ಮಂತ್ರಿಗಳು ಅಧಿಕಾರ ಸ್ವೀಕಾರದ ಜೊತೆ ಪಾರದರ್ಶಕತೆಯ ಪ್ರಮಾಣವನ್ನೂ ಮಾಡಬೇಕು ಎಂದು ಅದು ಹೇಳಿತು. ಕಾಯ್ದೆ ರದ್ದುಪಡಿಸುವ ಶಿಫಾರಸನ್ನು ಸರ್ಕಾರ ಒಪ್ಪಲಿಲ್ಲ.

ಆ ಶಿಫಾರಸುಗಳಿಗೆ ಇನ್ನು ಮೂರು ಸೇರಬೇಕು. ಮುಜುಗರ ಎಂಬ ಅಳತೆಯನ್ನು ಕೈಪಿಡಿಯಿಂದ ತೆಗೆದು, ತಪ್ಪು ಮುಚ್ಚಲು ಮೊಹರು ಹಾಕುವುದನ್ನು ಸ್ಪಷ್ಟವಾಗಿ ನಿಷೇಧಿಸಬೇಕು. ಮೊಹರು ಒತ್ತುವ ಅಧಿಕಾರಿ ತನ್ನ ಹೆಸರು, ನಿರ್ದಿಷ್ಟ ಕಾರಣ ಮತ್ತು ಗೋಪ್ಯತೆ ಮುಗಿಯುವ ದಿನಾಂಕವನ್ನು ಕಡತದಲ್ಲೇ ಬರೆಯಬೇಕು. ಆ ದಿನ ದಾಟಿದರೆ, ಮುಂದುವರಿಸಲು ಹೊಸ ಕಾರಣ ಬರೆಯದ ಹೊರತು, ದಾಖಲೆ ತಾನಾಗಿ ತೆರೆದುಕೊಳ್ಳಬೇಕು. ಮೊಹರು ಒತ್ತಿದ ಇಲಾಖೆಯ ಹೊರಗಿನ, ಗೋಪ್ಯ ಕಡತವನ್ನು ತೆರೆದು ನೋಡುವ ಅಧಿಕಾರವುಳ್ಳ ಸ್ವತಂತ್ರ ಪರಿಶೀಲಕರು ಇರಬೇಕು. ಸೈನಿಕರ ಜೀವ, ಸುದ್ದಿಮೂಲಗಳ ಸುರಕ್ಷೆ, ದೇಶದ ಮಾತಿನ ಮೇಲಿನ ನಂಬಿಕೆ ಯಾವುದೂ ಈ ಮೂರರಿಂದ ಕುಂದುವುದಿಲ್ಲ. ಕುಂದುವುದು ತಪ್ಪು ಮಾಡಿ ಉತ್ತರ ಹೇಳದೆ ಉಳಿಯುವ ಅವಕಾಶ ಮಾತ್ರ, ಮತ್ತು ಅಂಥ ಅವಕಾಶವನ್ನು ಯಾವ ಪ್ರಜಾಪ್ರಭುತ್ವವೂ ತನ್ನ ಸರ್ಕಾರಕ್ಕೆ ಕೊಡಬೇಕಾಗಿಲ್ಲ.